ಪಿತಾಮಹನೂ ಅಲ್ಲ, ಗಿತಾಮಹನೂ ಅಲ್ಲ... ಆತ ಆ್ಯಕ್ಷನ್ ಡೈರೆಕ್ಟರ್!

ರಾಬರ್ಟ್ ಫ್ಲಾಹರ್ಟಿಯನ್ನು ‘ಸಾಕ್ಷ್ಯಚಿತ್ರದ ಪಿತಾಮಹ’ ಅಂತ ಕರೆಯೋದನ್ನು ಇನ್ನಾದರೂ ನಿಲ್ಲಿಸೋಣ ಸ್ವಾಮಿ. ಕೈ ಮುಗಿದು ಕೇಳಿಕೊಳ್ತೀನಿ.

ಇಷ್ಟು ಸಿಟ್ಟು ಯಾಕಪ್ಪಾ ಅಂತೀರಾ? ಮೊನ್ನೆ ನಮ್ಮ ಬ್ಲಾಗು ಬಳಗದ ಹಳೆಯ ಮಿತ್ರರೊಬ್ಬರು ಒಂದು ಬರಹ ಹಾಕಿದ್ದರು. ‘ಹಾಲಿವುಡ್ಡು ನಮ್ಮ ಮೈಸೂರಿಗೆ ಬಂದಾಗ’ ಅನ್ನೋ ಧಾಟಿಯದು. ಅಮೆರಿಕದ ಮಹಾನ್ ನಿರ್ದೇಶಕ ಬಂದ, ನಮ್ಮ ಕಾಡಿನ ‘ನೈಜ ಬದುಕನ್ನು’ ಇದ್ದಹಾಗೇ ಸೆರೆಹಿಡಿದ, ಮಾವುತನ ಅನಾಥ ಮಗ ಸಾಬುವನ್ನು ಜಗತ್ಪ್ರಸಿದ್ಧ ಮಾಡಿದ, ಶುಭಂ. ಕೆಳಗೆ ಮೂವತ್ತು ಕಮೆಂಟು. ಎಲ್ಲಾ ‘ಹೆಮ್ಮೆ ಅನ್ನಿಸಿತು’, ‘ಮಾಹಿತಿಗೆ ಥ್ಯಾಂಕ್ಸ್’. ನಾನೂ ಒಂದು ಕಮೆಂಟು ಬರೆಯೋಕೆ ಕೂತೆ. ಅದು ಉದ್ದವಾಗುತ್ತಾ ಹೋಯ್ತು. ಇನ್ನೊಬ್ಬರ ಅಂಗಳದಲ್ಲಿ ಇಷ್ಟು ಗಲಾಟೆ ಮಾಡೋದು ಸರಿಯಲ್ಲ ಅಂತ ನನ್ನ ಜಗಲಿಗೇ ತಂದು ಹಾಕ್ತಿದ್ದೀನಿ. ಮಿತ್ರರು ಬೇಜಾರು ಮಾಡಿಕೊಳ್ಳಬಾರದು. ಜಗಳ ನಿಮ್ಮ ಮೇಲಲ್ಲ, ನಾವೆಲ್ಲ ಸೇರಿ ನಂಬಿಕೊಂಡು ಬಂದ ಒಂದು ಕಥೆಯ ಮೇಲೆ.

ಮೊದಲು ನನ್ನ ತಪ್ಪೊಪ್ಪಿಗೆ. ನಾನೂ ಆ ಕಥೆ ನಂಬಿದವನೇ. ಗುಂಡ್ಲುಪೇಟೆಯಿಂದ ಮೈಸೂರಿಗೆ ಓದೋಕೆ ಹೋದಾಗ ಒಂದು ಸಂಜೆ ಬಿಳೀ ಪರದೆ ಕಟ್ಟಿ ‘ನಾನೂಕ್ ಆಫ್ ದ ನಾರ್ತ್’ ತೋರಿಸಿದರು. ಪರಿಚಯ ಮಾಡಿಕೊಟ್ಟವರು ‘ಇದರಲ್ಲಿ ಒಂದು ಫ್ರೇಮೂ ಸುಳ್ಳಿಲ್ಲ’ ಅಂದರು. ಬಾಯಿ ಬಿಟ್ಟುಕೊಂಡು ನೋಡಿದೆ. ರಾಜಣ್ಣನ ಫೈಟಿಂಗು, ವಿಷ್ಣುವರ್ಧನ್ ಫೈಟಿಂಗು ನೋಡಿ ಬೆಳೆದ ನನಗೆ, ಅವೆಲ್ಲ ಸುಳ್ಳು, ಇದು ನಿಜ ಅನ್ನೋ ಗರ್ವ ಬಂತು. ಊರಿಗೆ ಬಂದು ಗೆಳೆಯರ ಮುಂದೆ ‘ನಿಮ್ಮದೆಲ್ಲ ಡಿಶುಂ ಡಿಶುಂ’ ಅಂತ ಕೊಚ್ಚಿಕೊಂಡೆ. ಆಮೇಲೆ ಒಂದೊಂದೇ ಪುಸ್ತಕ ಕೈಗೆ ಸಿಕ್ಕವು ನೋಡಿ, ಗರ್ವ ಇಳಿಯಿತು :-)

ಈಗ ಆಸಾಮಿಯ ಜಾತಕ ನೋಡೋಣ.

ಫ್ಲಾಹರ್ಟಿ ಹುಟ್ಟಿದ್ದು 1884ರ ಫೆಬ್ರವರಿ 16ರಂದು, ಅಮೆರಿಕದ ಮಿಶಿಗನ್ ರಾಜ್ಯದ ಐರನ್ ಮೌಂಟನ್ ಅನ್ನೋ ಗಣಿ ಊರಿನಲ್ಲಿ. ಅಪ್ಪ ಗಣಿ ಕೆಲಸದವರು. ಮಗನೂ ಕಬ್ಬಿಣದ ಅದಿರು ಹುಡುಕೋಕೆ ಅಂತಲೇ 1910ರಿಂದ ಕೆನಡಾದ ಹಡ್ಸನ್ ಕೊಲ್ಲಿಯ ಕಡೆ ಅಲೆದವನು. ಕಳಿಸಿದ್ದು ವಿಲಿಯಂ ಮೆಕೆಂಜಿ ಅನ್ನೋ ರೈಲ್ವೆ ಕುಳ. ಹೋಗೋದು ಹೋಗ್ತೀಯ, ಒಂದು ಕ್ಯಾಮೆರಾನೂ ತಗೊಂಡು ಹೋಗು ಅಂದರು. ತಗೊಂಡು ಹೋದ. ಬಹಳ ಶೂಟ್ ಮಾಡಿದ. 1916ರಲ್ಲಿ ಟೊರಾಂಟೋದಲ್ಲಿ ಕೂತು ಎಡಿಟ್ ಮಾಡುವಾಗ ಸಿಗರೇಟಿನ ಕಿಡಿ ಬಿದ್ದು ನೆಗೆಟಿವ್ ಎಲ್ಲ ಭಸ್ಮ! ಬೇರೆಯವರಾಗಿದ್ದರೆ ಅಲ್ಲಿಗೇ ಕೈ ತೊಳೆದುಕೊಳ್ತಿದ್ದರು. ಈತ 1920ರಲ್ಲಿ ಮತ್ತೆ ಹೋದ. ಈ ಸಲ ದುಡ್ಡು ಕೊಟ್ಟಿದ್ದು ರೆವಿಯೋ ಫ್ರೆರ್ ಅನ್ನೋ ಫ್ರೆಂಚ್ ತುಪ್ಪಳದ ಕಂಪನಿ. ಹೀಗೆ ‘ನಾನೂಕ್’ 1922ರಲ್ಲಿ ತೆರೆಗೆ ಬಂತು, ಜಗತ್ತೇ ತಲೆದೂಗಿತು.

ಛಲ ಇತ್ತು, ಒಪ್ಪೋಣ. ಕಣ್ಣಿತ್ತು, ಅದನ್ನೂ ಒಪ್ಪೋಣ. ಆದರೆ ತೆಗೆದದ್ದೇನು?

ನಾನೂಕ್‌ನ ನಿಜವಾದ ಹೆಸರು ನಾನೂಕ್ ಅಲ್ಲ, ಅಲ್ಲಾಕರಿಯಾಲ್ಲಾಕ್. ಸಿನಿಮಾದಲ್ಲಿ ತೋರಿಸಿದ ಸಂಸಾರ ಅವನ ಸಂಸಾರ ಅಲ್ಲ. ಬಂದೂಕು ಹಿಡಿದು ಬೇಟೆಯಾಡ್ತಿದ್ದ ಕಾಲದಲ್ಲಿ ಈಟಿ ಹಿಡಿಸಿ ಬೇಟೆಯಾಡಿಸಿದ. ಹಿಮದ ಮನೆಯೊಳಗೆ ಬೆಳಕು ಸಾಲದು ಅಂತ ಅರ್ಧ ಗೋಡೆಯೇ ಇಲ್ಲದ ಇಗ್ಲೂ ಕಟ್ಟಿಸಿ, ಆ ಚಳಿಯಲ್ಲಿ ಅವರನ್ನು ಮಲಗಿಸಿ ‘ರಾತ್ರಿ ನಿದ್ದೆ’ ತೆಗೆದ. ಗ್ರಾಮಫೋನ್ ಪ್ಲೇಟನ್ನು ಕಚ್ಚಿ ನೋಡೋ ದೃಶ್ಯ ಇದೆಯಲ್ಲ, ನಾವೆಲ್ಲ ನಕ್ಕಿದ್ದು, ಅದೂ ಹೇಳಿಕೊಟ್ಟದ್ದೇ. ವಾಲ್ರಸ್ ಬೇಟೆಯಂತೂ ಕೇಳಲೇಬೇಡಿ. ಗಾಳ ಬಿದ್ದ ಆ ದೈತ್ಯ ಪ್ರಾಣಿ ಜನರನ್ನು ಸಮುದ್ರದ ಕಡೆ ಎಳೀತಿದ್ದರೆ ಅವರು ‘ಬಂದೂಕು, ಬಂದೂಕು’ ಅಂತ ಕೂಗಿಕೊಂಡರಂತೆ. ಕೇಳಿಸದವನ ಹಾಗೆ ನಾನು ಕ್ಯಾಮೆರಾ ಹಿಡಿ ತಿರುಗಿಸ್ತಾ ಇದ್ದೆ ಅಂತ ಫ್ಲಾಹರ್ಟಿಯೇ ಹೇಳಿಕೊಂಡಿದ್ದಾನೆ. ಬೇರೆ ಯಾರೋ ಆಗದವರು ಹೊರಿಸಿದ ಆರೋಪ ಅಲ್ಲ ಇದು!

1926ರಲ್ಲಿ ‘ಮೋನಾ’ ಬಂತು, ಸಮೋವಾ ದ್ವೀಪದ್ದು. ಜಾನ್ ಗ್ರಿಯರ್ಸನ್ ಇದರ ಬಗ್ಗೆ ನ್ಯೂಯಾರ್ಕಿನ ಪತ್ರಿಕೆಯಲ್ಲಿ ಬರೆಯುವಾಗ ‘ಡಾಕ್ಯುಮೆಂಟರಿ’ ಅನ್ನೋ ಪದ ಬಳಸಿದ. ಪಿತಾಮಹ ಪಟ್ಟ ಬಂದದ್ದು ಅಲ್ಲಿಂದ. 1934ರಲ್ಲಿ ‘ಮ್ಯಾನ್ ಆಫ್ ಆರನ್’, ಐರ್ಲೆಂಡಿನ ಪಕ್ಕದ ದ್ವೀಪಗಳದ್ದು. ಅಲ್ಲಿನ ಜನ ಶಾರ್ಕ್ ಬೇಟೆ ಬಿಟ್ಟು ತಲೆಮಾರುಗಳೇ ಆಗಿದ್ದವು. ಈತ ಹೊರಗಿಂದ ಕಲಿಸಿ ಆಡಿಸಿದ. ಮನೆಯೆತ್ತರದ ಅಲೆಗಳೊಳಕ್ಕೆ ದೋಣಿ ಇಳಿಸಿದ. ಅವರಲ್ಲಿ ಬಹಳ ಜನಕ್ಕೆ ಈಜೇ ಬರ್ತಿರಲಿಲ್ಲ. ಒಂದು ಪೀಪಾಯಿ ಕುಡಿತ, ತಲಾ ಐದು ಪೌಂಡು ಕೊಟ್ಟು ಆ ಜನರಿಂದ ಮಾಡಿಸಿದ ಕೆಲಸಕ್ಕೆ ನನ್ನನ್ನು ಗುಂಡಿಟ್ಟು ಕೊಲ್ಲಬೇಕಿತ್ತು ಅನ್ನೋ ಅರ್ಥದ ಮಾತನ್ನು ಆಮೇಲೆ ತಾನೇ ಆಡಿದ.

ಈಗ ಹೇಳಿ. ಹಿಮಗರಡಿ ನಾಡು, ಸಮುದ್ರ, ಶಾರ್ಕು, ವಾಲ್ರಸ್ಸು, ಜೀವ ಒತ್ತೆಯಿಟ್ಟು ಹೋರಾಡೋ ಗಂಡಸು, ದಡದಲ್ಲಿ ಕಾಯೋ ಹೆಂಗಸು. ಇದು ಯಾವ ಜಾತಿಯ ಸಿನಿಮಾ? ನಮ್ಮೂರ ಟೆಂಟಿನಲ್ಲಿ ಬೀಡಿ ಸೇದುತ್ತಾ ಕೂತವನನ್ನು ಕೇಳಿದರೂ ‘ಫೈಟಿಂಗ್ ಪಿಚ್ಚರ್ ಕಣಾ’ ಅಂತಾನೆ. ಹೌದು, ಫ್ಲಾಹರ್ಟಿ ಆ್ಯಕ್ಷನ್ ಡೈರೆಕ್ಟರ್. ಬಹಳ ಒಳ್ಳೇ ಆ್ಯಕ್ಷನ್ ಡೈರೆಕ್ಟರ್. ಹಾಗೆ ಕರೆದರೆ ಅವನಿಗೇನೂ ಅವಮಾನ ಇಲ್ಲ. ಬೇರೆ ಆ್ಯಕ್ಷನ್ ಡೈರೆಕ್ಟರ್‌ಗಳಿಗೂ ಇವನಿಗೂ ಒಂದೇ ವ್ಯತ್ಯಾಸ. ಅವರು ಸ್ಟಂಟ್ ಮಾಡಿದವರನ್ನು ಸ್ಟಂಟ್‌ಮನ್ ಅಂತ ಕರೆದು ಕೂಲಿ ಕೊಡ್ತಾರೆ. ಈತ ಸ್ಟಂಟ್ ಮಾಡಿಸಿ, ಇದು ಇವರ ದಿನನಿತ್ಯದ ಬದುಕು ಅಂತ ಬೋರ್ಡು ಹಾಕಿದ.

ನನ್ನ ತಕರಾರಿನ ಬೇರು ಇರೋದೇ ಇಲ್ಲಿ. ಸ್ಟಂಟನ್ನು ‘ಬದುಕು’ ಅಂದುಬಿಟ್ಟರೆ, ಅದನ್ನು ಮಾಡಿದವನಿಗೆ ಹೆಸರು ಬೇಕಾಗಲ್ಲ, ಕೂಲಿ ಕೇಳೋ ಹಕ್ಕಿರಲ್ಲ. ಬಿದ್ದು ಸತ್ತರೆ ಅದು ಅವನ ಹಣೆಬರಹ. ಡೈರೆಕ್ಟರ್ ಬರೀ ಸಾಕ್ಷಿ!

ಸರಿ, ಇದಕ್ಕೂ ಚಾಮರಾಜನಗರಕ್ಕೂ ಏನು ಸಂಬಂಧ ಅಂದಿರಾ? ಬಂದೆ.

ಫ್ಲಾಹರ್ಟಿ 1935ರಲ್ಲಿ ಮೈಸೂರಿಗೆ ಬಂದ. ಅಲೆಕ್ಸಾಂಡರ್ ಕೊರ್ಡಾ ಅನ್ನೋ ಲಂಡನ್ನಿನ ನಿರ್ಮಾಪಕನ ದುಡ್ಡು, ಕಿಪ್ಲಿಂಗ್ ಬರೆದ ‘ಆನೆಗಳ ತೂಮಾಯಿ’ ಕಥೆ, ಕೃಷ್ಣರಾಜ ಒಡೆಯರ ಅರಮನೆಯ ಕೃಪೆ. ಆನೆಲಾಯದಲ್ಲಿ ಹುಡುಗ ಸಿಕ್ಕ, ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಸಾಬು. ಅರಮನೆಯ ಆನೆ ಐರಾವತ ಸಿಕ್ಕಿತು. ಕಾಕನಕೋಟೆ, ಕಾರಾಪುರದ ಕಾಡು ಸಿಕ್ಕಿತು. ಮಾವುತರು, ಕಾವಾಡಿಗಳು, ಕಾಡು ಸೋಸಿ ಆನೆ ಹಿಂಡನ್ನು ನೂಕಿ ತರೋ ಕುರುಬರು ಸಿಕ್ಕರು. ಖೆಡ್ಡಾ ಕ್ಯಾಮೆರಾದೊಳಗೆ ಬಂತು. ‘ಎಲಿಫೆಂಟ್ ಬಾಯ್’ 1937ರಲ್ಲಿ ಬಿಡುಗಡೆಯಾಗಿ ವೆನಿಸ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಿರ್ದೇಶನದ ಪ್ರಶಸ್ತಿ ಗೆದ್ದಿತು. ಫ್ಲಾಹರ್ಟಿಗೂ, ಲಂಡನ್ನಿನ ಹತ್ತಿರ ಡೆನಮ್ ಸ್ಟುಡಿಯೋದಲ್ಲಿ ಉಳಿದ ಭಾಗ ತೆಗೆದ ಜೋಲ್ಟಾನ್ ಕೊರ್ಡಾನಿಗೂ ಜಂಟಿಯಾಗಿ.

ಆದರೆ ಈ ಖೆಡ್ಡಾ ಅನ್ನೋ ಬೃಹತ್ ಆ್ಯಕ್ಷನ್ ಸೀನು ಹುಟ್ಟಿದ್ದು ಕಾಕನಕೋಟೆಯಲ್ಲಿ ಅಲ್ಲ. ನಮ್ಮ ಚಾಮರಾಜನಗರದಲ್ಲಿ! ಮೈಸೂರು ಸೀಮೆಯ ಮೊದಲ ಯಶಸ್ವಿ ಖೆಡ್ಡಾ ನಡೆದಿದ್ದು 1874ರಲ್ಲಿ, ಬಿಳಿಗಿರಿರಂಗನ ಬೆಟ್ಟದ ಬುಡದಲ್ಲಿ, ಹೊನ್ನುಹೊಳೆಯ, ಅಂದರೆ ಸುವರ್ಣಾವತಿಯ ದಂಡೆಯಲ್ಲಿ. ಮಾಡಿಸಿದವನು ಜಿ.ಪಿ. ಸ್ಯಾಂಡರ್ಸನ್, ಕಾಲುವೆ ಇಲಾಖೆಯಲ್ಲಿದ್ದ ಇಂಗ್ಲಿಷ್ ಅಧಿಕಾರಿ. ಚಾಮರಾಜನಗರದ ಹತ್ತಿರವೇ ಬಂಗಲೆ ಮಾಡಿಕೊಂಡಿದ್ದ. ಅವನಿಗಿಂತ ನೂರು ವರ್ಷ ಮುಂಚೆ ಹೈದರಾಲಿ ಕಾಕನಕೋಟೆ ಕಾಡಿನಲ್ಲಿ ಆನೆ ಹಿಡಿಯೋಕೆ ಹೋಗಿ ಸೋತು, ಇನ್ನು ಮುಂದೆ ಯಾರಾದರೂ ಪ್ರಯತ್ನಪಟ್ಟರೆ ಅವರಿಗೆ ನನ್ನ ಶಾಪ ಅಂತ ಕಲ್ಲಿನಲ್ಲಿ ಕೆತ್ತಿಸಿದ್ದನಂತೆ. ಇದನ್ನು ಬರೆದಿಟ್ಟವನೂ ಸ್ಯಾಂಡರ್ಸನ್ನೇ, 1878ರ ತನ್ನ ಪುಸ್ತಕದಲ್ಲಿ. ಆ ಮೊದಲ ಯಶಸ್ಸಿನಲ್ಲಿ ಐವತ್ತಕ್ಕೂ ಮಿಕ್ಕಿ ಆನೆ ಹಿಡಿದರು. ಕಿಪ್ಲಿಂಗ್ ಕಥೆಯಲ್ಲಿ ಬರೋ ಪೀಟರ್ಸನ್ ಸಾಹೇಬನಿಗೆ ಮಾದರಿ ಈ ಸ್ಯಾಂಡರ್ಸನ್ನೇ ಅಂತ ಕಿಪ್ಲಿಂಗ್ ಬಗ್ಗೆ ಬರೆದವರು ಹೇಳ್ತಾರೆ. ಅಂದರೆ ಕಥೆ ಅಸ್ಸಾಮಿನ ಕಡೆಯದಾದರೂ ಸಾಹೇಬ ನಮ್ಮೂರಿನವನು. ಮುಖ್ಯಮಂತ್ರಿಗಳು ಬಂದರೆ ಕುರ್ಚಿ ಹೋಗುತ್ತೆ ಅಂತ ಹೆದರ್ತಿದ್ದ ಊರು ನಮ್ಮದು. ಇಂಗ್ಲಿಷ್ ಸಾಹಿತ್ಯದೊಳಗೆ ಹೀಗೆ ಹಿಂಬಾಗಿಲಿಂದ ಹೋಗಿ ಕೂತಿದೆ ಅಂತ ಯಾರಿಗೂ ಗೊತ್ತೇ ಇಲ್ಲ :-)

ಖೆಡ್ಡಾ ಅಂದರೆ ಏನು ಅಂತ ಈಗಿನವರಿಗಾಗಿ ನಾಲ್ಕು ಮಾತು. ಹಿಂಡು ಎಲ್ಲಿದೆ ಅಂತ ಮೊದಲು ಹೆಜ್ಜೆ ನೋಡಿ, ಲದ್ದಿ ನೋಡಿ ಪತ್ತೆ ಮಾಡಬೇಕು. ಇದು ಸಾಹೇಬರ ಕೈಲಾಗೋ ಕೆಲಸ ಅಲ್ಲ. ಆಮೇಲೆ ಮೈಲಿಗಟ್ಟಲೆ ಉದ್ದಕ್ಕೆ ಜನ ನಿಂತು ಸುತ್ತುಗಟ್ಟಬೇಕು. ರಾತ್ರಿಯೆಲ್ಲ ಬೆಂಕಿ ಹಾಕಿಕೊಂಡು ಕಾಯಬೇಕು. ತಮಟೆ, ಡಬ್ಬ, ಬಂದೂಕಿನ ಸದ್ದು ಮಾಡ್ತಾ ಹಿಂಡನ್ನು ಹೊಳೆ ದಾಟಿಸಿ ದಪ್ಪ ದಿಮ್ಮಿಗಳ ಬೇಲಿಯೊಳಕ್ಕೆ ನೂಕಬೇಕು. ಆನೆ ತಿರುಗಿಬಿದ್ದರೆ ಮೊದಲು ಸಿಕ್ಕೋನು ತಮಟೆಯವನೇ. ಬಾಗಿಲು ಬಿದ್ದ ಮೇಲೆ ಕುಮ್ಕಿ ಆನೆಗಳ ಕತ್ತಿನ ಮೇಲೆ ಮೈಯನ್ನು ಅಂಟಿಸಿಕೊಂಡು ಮಾವುತರು ಒಳಗೆ ಹೋಗ್ತಾರೆ. ಕಾಡಾನೆಗಳ ಕಾಲ ಕೆಳಗೆ ಇಳಿದು ಹಗ್ಗ ಹಾಕಬೇಕು. ಕಾಲ ಕೆಳಗೆ! ಹಗ್ಗ ಉಜ್ಜಿ ಆದ ಹುಣ್ಣಿನಿಂದ, ಹೆದರಿಕೆಯಿಂದ ಆನೆಗಳೂ ಸಾಯ್ತಿದ್ದವು. ಇದನ್ನೆಲ್ಲ ನೋಡೋಕೆ ವೈಸರಾಯ್‌ಗಳಿಗೆ, ಅತಿಥಿಗಳಿಗೆ ಎತ್ತರದಲ್ಲಿ ಗ್ಯಾಲರಿ ಕಟ್ಟಿಸ್ತಿದ್ದರು. ಕೊನೆಯ ಖೆಡ್ಡಾ ನಡೆದಿದ್ದು 1971ರಲ್ಲಿ, ಕಾಕನಕೋಟೆಯಲ್ಲಿ. ಆಮೇಲೆ ಕಬಿನಿ ಅಣೆಕಟ್ಟಿನ ನೀರು ಆ ಜಾಗವನ್ನು ನುಂಗಿತು.

ಈಗ ನನಗೆ ಈ ವಿಷಯ ಯಾಕೆ ಬಿಡದೆ ಕಾಡ್ತಿದೆ ಅಂತ ಹೇಳ್ತೀನಿ.

ಕೆಲವು ವರ್ಷದ ಹಿಂದೆ ಬಂಡೀಪುರದ ಅಂಚಿನ ಒಂದು ಹಾಡಿಗೆ ಗೆಳೆಯನ ಜೊತೆ ಹೋಗಿದ್ದೆ. ಅಲ್ಲಿ ಒಬ್ಬ ಜೇನುಕುರುಬ ತಾತ ಸಿಕ್ಕ. ಹೆಗ್ಗಡದೇವನಕೋಟೆ ಕಡೆಯವನು, ಮಗಳ ಮನೆಗೆ ಬಂದಿದ್ದ. ಮಾತಿಗೆ ಮಾತು ಬಂದು, ಕೊನೆಯ ಖೆಡ್ಡಾದಲ್ಲಿ ತಾನು ಹುಡುಗನಾಗಿ ಡಬ್ಬ ಬಡಿದದ್ದು ಹೇಳಿದ. ನನ್ನ ಲ್ಯಾಪ್‌ಟಾಪಿನಲ್ಲಿ ‘ಎಲಿಫೆಂಟ್ ಬಾಯ್’ ಇತ್ತು. ತೋರಿಸ್ಲಾ ತಾತ ಅಂದೆ. ಮನೆ ಮುಂದಿನ ಜಗಲಿಯಲ್ಲಿ ಹತ್ತಾರು ಜನ ಮುತ್ತಿಕೊಂಡರು. ಹುಡುಗರಿಗೆ ಸಾಬು ಆನೆ ಸೊಂಡಿಲು ಹಿಡಿದು ಏರೋದು ಬಹಳ ಖುಷಿಯಾಯ್ತು. ತಾತ ಮಾತ್ರ ಸುಮ್ಮನೆ ನೋಡ್ತಿದ್ದ. ಖೆಡ್ಡಾ ಬಂದಾಗ ಮುಂದಕ್ಕೆ ಬಗ್ಗಿದ.

‘ಮರಿಯ ಒಳ್ಗೇ ಬುಟ್ಟವ್ರೆ. ತಾಯಿ ತಿರ್‌ಕತ್ತದೆ ನೋಡಿ ಈಗ’ ಅಂದ. ಮತ್ತೆ ಸ್ವಲ್ಪ ಹೊತ್ತು ನೋಡಿ ನನ್ನ ಕಡೆ ತಿರುಗಿ ಕೇಳಿದ: ‘ಈಟೊತ್ತೂ ಆ ಮಗೀನೇ ತೋರುಸ್ತಾವ್ನೆ. ಕುಮ್ಕಿ ಮ್ಯಾಲೆ ಕುಂತವ್ನು ಯಾರು ಬುದ್ಧಿ? ಅವ್ನ ಎಸ್ರು ಏಳ್ನೇ ಇಲ್ವಲ್ಲ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಗೊತ್ತಿಲ್ಲ ತಾತ ಅಂದೆ. ‘ಪಿಚ್ಚರ್ ತೆಗೆದವ್ನಿಗಾದ್ರೂ ಗೊತ್ತಿರ್ಬೇಕಲ್ಲ’ ಅಂದು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡ.

ಮನೆಗೆ ಬಂದು ಪಾತ್ರವರ್ಗದ ಪಟ್ಟಿ ನೋಡಿದೆ. ಸಾಬು ಹೆಸರಿದೆ. ಆನೆ ಐರಾವತನ ಹೆಸರೂ ಇದೆ. ಬಾಕಿ? ತೂಮಾಯಿಯ ಅಪ್ಪ, ಅಂದರೆ ಮಾವುತ, ಅವನ ಪಾತ್ರ ಮಾಡಿದ್ದು ಡಬ್ಲ್ಯು.ಇ. ಹಾಲೋವೆ ಅನ್ನೋ ಆಂಗ್ಲ ನಟ. ಬೇಟೆಗಾರರ ಹಿರಿಯ ಮಚುವಾ ಅಪ್ಪನ ಪಾತ್ರ ಅಲನ್ ಜೀಸ್ ಅನ್ನೋ ಇನ್ನೊಬ್ಬ ಆಂಗ್ಲ ನಟ. ಮುಖಕ್ಕೆ ಬಣ್ಣ ಬಳಿದುಕೊಂಡು ಇಂಗ್ಲೆಂಡಿನ ಸ್ಟುಡಿಯೋದಲ್ಲಿ ಮಾವುತರಾದರು. ನಿಜವಾದ ಆನೆಯ ಮೇಲೆ ಕೂತು ನಿಜವಾದ ಹಗ್ಗ ಎಸೆದವನಿಗೆ ಆ ಪಟ್ಟಿಯಲ್ಲಿ ಜಾಗ ಇಲ್ಲ. ಆನೆಗೆ ಹೆಸರಿದೆ ಸ್ವಾಮಿ, ಮಾವುತನಿಗೆ ಇಲ್ಲ!

ಈಗ ನೀವು ಎತ್ತೋ ಆಕ್ಷೇಪಣೆಗಳು ನನಗೆ ಗೊತ್ತು. ಒಂದೊಂದೇ ನೋಡೋಣ.

‘ಅದೆಲ್ಲ ಕೊರ್ಡಾ ಕಂಪನಿಯ ಕಿತಾಪತಿ, ಪಾಪ ಫ್ಲಾಹರ್ಟಿ ಒಳ್ಳೆಯವನು.’ ಸ್ಟುಡಿಯೋ ಭಾಗ ಕೊರ್ಡಾಗಳದ್ದು, ನಿಜ. ಬಣ್ಣ ಬಳಿದ ಮಾವುತರು ಅವರ ಖಾತೆಗೇ ಹೋಗಲಿ. ಆದರೆ ‘ನಾನೂಕ್’ ಮಾಡುವಾಗ ಯಾವ ಕೊರ್ಡಾ ಪಕ್ಕದಲ್ಲಿ ನಿಂತಿದ್ದ? ಅಲ್ಲಿ ಹೆಸರು ಬದಲಾಯಿಸಿದ್ದು ಯಾರು? ಇನ್ನೂ ಒಂದು ಮಾತು, ಬರೆಯೋಕೆ ಸಂಕಟ ಆಗುತ್ತೆ. ಆ ಚಿತ್ರೀಕರಣದ ಕಾಲದಲ್ಲಿ ಒಬ್ಬ ಇನ್ಯುಯಿಟ್ ಹೆಂಗಸಿನಲ್ಲಿ ಫ್ಲಾಹರ್ಟಿಗೆ ಒಂದು ಗಂಡು ಮಗು ಆಯ್ತು, 1921ರ ಡಿಸೆಂಬರಿನಲ್ಲಿ. ಹೆಸರು ಜೋಸೆಫಿ. ಅಪ್ಪ ಅಷ್ಟರಲ್ಲಿ ಅಲ್ಲಿಂದ ಹೊರಟುಹೋಗಿದ್ದ. ಮಗನನ್ನು ಒಪ್ಪಿಕೊಳ್ಳಲೇ ಇಲ್ಲ. 1955ರಲ್ಲಿ ಕೆನಡಾ ಸರ್ಕಾರ ಆ ಜೋಸೆಫಿಯ ಸಂಸಾರವನ್ನು ಎತ್ತಿಕೊಂಡು ಹೋಗಿ ಇನ್ನೂ ಉತ್ತರದ ಗ್ರೀಸ್ ಫಿಯರ್ಡ್ ಅನ್ನೋ ಮರಗಟ್ಟೋ ಜಾಗಕ್ಕೆ ಬಿಟ್ಟಿತು. ಅಲ್ಲಿನ ಜನ ಪಟ್ಟ ಪಾಡಿಗೆ ಸರ್ಕಾರ ಕ್ಷಮೆ ಕೇಳಿದ್ದು 2010ರಲ್ಲಿ. ನಾನೂಕ್‌ನ ಸಂಸಾರದ ಪ್ರೀತಿಯನ್ನು ಜಗತ್ತಿಗೆ ತೋರಿಸಿ ಕಣ್ಣೊರೆಸಿಕೊಳ್ಳುವಂತೆ ಮಾಡಿದವನ ಮನೆ ಲೆಕ್ಕ ಇದು. ಕೊರ್ಡಾ ಮೇಲೆ ಹಾಕೋಣವೇ?

‘ಆ ಕಾಲವನ್ನು ಈ ಕಾಲದ ಕಣ್ಣಿನಿಂದ ನೋಡಬಾರದು.’ ಇದು ನಮ್ಮ ಬ್ಲಾಗುಗಳಲ್ಲಿ ಸದಾ ಸಿಗೋ ಸಿದ್ಧ ಉತ್ತರ. ಆ ಕಾಲದ ಕಣ್ಣಿನಿಂದಲೇ ನೋಡಿ. ಬಂದೂಕು ಬೇಕು ಅಂತ ಕೂಗಿದವರು ಆ ಕಾಲದವರೇ. ಆರನ್ ಚಿತ್ರ ಬಂದಾಗ, ಜನರ ನಿಜವಾದ ಬಡತನ, ಜಮೀನುದಾರರ ಕಾಟ ಇದರಲ್ಲಿ ಎಲ್ಲಿದೆ ಅಂತ ಕೇಳಿದ ವಿಮರ್ಶಕರೂ ಆ ಕಾಲದವರೇ. ಗುಂಡಿಟ್ಟು ಕೊಲ್ಲಬೇಕಿತ್ತು ಅಂದವನಂತೂ ಫ್ಲಾಹರ್ಟಿಯೇ. ಅವನಿಗೇ ಗೊತ್ತಿದ್ದದ್ದನ್ನು ಅವನ ಭಕ್ತರು ಮುಚ್ಚೋದೇಕೆ?

‘ಸಾಬುವಿಗೆ ಬಾಳು ಸಿಗಲಿಲ್ಲವೇ?’ ಸಿಕ್ಕಿತು. ‘ದ ಥೀಫ್ ಆಫ್ ಬಾಗ್ದಾದ್’, ‘ಜಂಗಲ್ ಬುಕ್’ ಮಾಡಿದ. 1944ರಲ್ಲಿ ಅಮೆರಿಕದ ಪ್ರಜೆಯಾದ, ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನದ ಗನ್ನರ್ ಆಗಿ ಪದಕ ಗೆದ್ದ. ಆ ಧೈರ್ಯಕ್ಕೆ ನನ್ನದೂ ಸಲಾಂ. ಆದರೆ ಹಾಲಿವುಡ್ಡು ಅವನಿಗೆ ಕೊಟ್ಟ ಪಾತ್ರಗಳನ್ನು ನೋಡಿ, ಬೆಳೆದ ಮೇಲೂ ಹೆಚ್ಚುಕಡಿಮೆ ಅದೇ ಕಾಡಿನ ಹುಡುಗನೇ. 1963ರ ಡಿಸೆಂಬರಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಮೂವತ್ತೊಂಬತ್ತು ವರ್ಷ. ಹೆಸರಾದರೂ ಸರಿಯಾಗಿ ಉಳಿಯಿತಾ? ದಸ್ತಗೀರ್ ಅನ್ನೋದು ಅವನ ಅಣ್ಣನ ಹೆಸರು. ಅದನ್ನೇ ಇವನಿಗೂ ಅಂಟಿಸಿ ‘ಸಾಬು ದಸ್ತಗೀರ್’ ಅಂತ ಜಗತ್ತೆಲ್ಲ ಬರೀತು. ಲಾಟರಿ ಹೊಡೆದವನ ಹೆಸರೇ ಹೀಗಾದರೆ ಹೊಡೆಯದವರ ಗತಿ? ಒಬ್ಬನಿಗೆ ಲಾಟರಿ ಹೊಡೆದದ್ದನ್ನು ತೋರಿಸಿ ಉಳಿದವರ ಕೂಲಿ ಲೆಕ್ಕ ಮುಚ್ಚಿಹಾಕೋದು ನಮಗೂ ಹೊಸದೇನಲ್ಲ ಬಿಡಿ.

‘ಅವನು ತೆಗೆಯದಿದ್ದರೆ ಆ ಚಿತ್ರಗಳೇ ಇರ್ತಿರಲಿಲ್ಲ.’ ಇದೊಂದು ಮಾತಿಗೆ ನಾನು ಸೋಲ್ತೀನಿ. ನಿಜ. ತಾತ ತನ್ನ ಕಾಡನ್ನು, ನೀರಿನಡಿ ಹೋದ ಹೊಳೆದಂಡೆಯನ್ನು ಮತ್ತೆ ನೋಡಿದ್ದು ಫ್ಲಾಹರ್ಟಿ ದೆಸೆಯಿಂದಲೇ. ಅದಕ್ಕೇ ನಾನು ಸಿನಿಮಾ ಸುಡಿ ಅಂತಿಲ್ಲ. ನೋಡಿ, ಮಕ್ಕಳಿಗೆ ತೋರಿಸಿ. ಆದರೆ ಆ್ಯಕ್ಷನ್ ಸಿನಿಮಾ ಅಂತ ಹೇಳಿ ತೋರಿಸಿ. ಆಗ ಮಕ್ಕಳು ತಾವಾಗೇ ಕೇಳ್ತಾರೆ, ಈ ಸ್ಟಂಟ್ ಮಾಡಿದ್ದು ಯಾರು ಅಂತ. ಸಾಕ್ಷ್ಯಚಿತ್ರ ಅಂದರೆ ಆ ಪ್ರಶ್ನೆ ಹುಟ್ಟೋದೇ ಇಲ್ಲ.

ಹಳೇ ಕಥೆ ಯಾಕೆ ಕೆದಕ್ತೀಯ ಅನ್ನೋರಿಗೆ ಎರಡು ಹೊಸ ಕಥೆ.

2016ರ ನವೆಂಬರ್ 7. ತಿಪ್ಪಗೊಂಡನಹಳ್ಳಿ ಜಲಾಶಯ. ‘ಮಾಸ್ತಿಗುಡಿ’ ಸಿನಿಮಾದ ಕ್ಲೈಮ್ಯಾಕ್ಸು. ಹೆಲಿಕಾಪ್ಟರಿನಿಂದ ನೀರಿಗೆ ಜಿಗಿದ ಅನಿಲ್, ಉದಯ್ ಇಬ್ಬರೂ ಮೇಲೆ ಬರಲಿಲ್ಲ. ಜಿಗಿಯೋ ಮುಂಚೆ ಟೀವಿಯವರ ಮುಂದೆ ಈಜು ಅಷ್ಟಾಗಿ ಬರಲ್ಲ ಅಂತ ಹೇಳಿಕೊಂಡಿದ್ದನ್ನು ಇಡೀ ಕರ್ನಾಟಕ ಆಮೇಲೆ ಮತ್ತೆ ಮತ್ತೆ ನೋಡಿತು. ಆರನ್ ದ್ವೀಪದವರಿಗೂ ಈಜು ಬರ್ತಿರಲಿಲ್ಲ ಅಂತ ಮೇಲೆ ಬರೆದೆನಲ್ಲ, ನೆನಪಿದೆಯಾ? ಎಂಬತ್ತು ವರ್ಷದಲ್ಲಿ ನಾವು ಕಲಿತದ್ದು ಇಷ್ಟೇ. ಆದರೂ ಒಂದು ವ್ಯತ್ಯಾಸ ನೋಡಿ. ಅದು ಸ್ಟಂಟು ಅಂತ ಎಲ್ಲರಿಗೂ ಗೊತ್ತಿತ್ತು. ಆದ್ದರಿಂದ ಕೇಸು ಆಯ್ತು, ಯಾರ ಹೊಣೆ ಅನ್ನೋ ಪ್ರಶ್ನೆ ಬಂತು, ಹೆಸರು ಉಳಿಯಿತು.

ಇನ್ನೊಂದು ನಮ್ಮ ತಾಲ್ಲೂಕಿನದೇ. 2020ರ ಜನವರಿಯಲ್ಲಿ ಬೇರ್ ಗ್ರಿಲ್ಸ್ ಬಂಡೀಪುರಕ್ಕೆ ಬಂದಿದ್ದ, ಡಿಸ್ಕವರಿ ಚಾನೆಲ್ಲಿನ ಕಾರ್ಯಕ್ರಮಕ್ಕೆ. ರಜನಿಕಾಂತ್ ಬಂದರು, ಅಕ್ಷಯ್ ಕುಮಾರ್ ಬಂದರು. ರಜನಿಗೆ ಚಿಕ್ಕಪುಟ್ಟ ತರಚುಗಾಯ ಆಯ್ತು ಅಂತ ದೇಶದ ಟೀವಿಗಳೆಲ್ಲ ಬಡಿದುಕೊಂಡವು. ನಮ್ಮ ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲೂ ಅದೇ ಮಾತು. ಆ ಕಾಡಿನಲ್ಲಿ ಒಂದು ಕೋಲು ಹಿಡಿದುಕೊಂಡು ವರ್ಷಪೂರ್ತಿ ನಡೆಯೋ ವಾಚರುಗಳಿದ್ದಾರೆ, ಬಹಳಷ್ಟು ಜನ ಹಾಡಿಯ ಹುಡುಗರೇ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ಸೊಪ್ಪಿನ ಕೊಂಬೆ ಹಿಡಿದು ಬೆಂಕಿ ಬಡಿದವರಲ್ಲಿ ಅವರೂ ಇದ್ದರು. ಅವರ ತರಚುಗಾಯಕ್ಕೆ ಯಾವ ಚಾನೆಲ್ಲು? ‘ಕಾಡಿನೊಳಗೆ ಬದುಕುಳಿಯೋದು ಹೇಗೆ’ ಅಂತ ಕಲಿಸೋಕೆ ಇಂಗ್ಲೆಂಡಿನಿಂದ ಬರಬೇಕಿತ್ತಾ? ಅಲ್ಲೇ ಪಕ್ಕದಲ್ಲಿ ನಿಂತಿದ್ದವನನ್ನು ಕೇಳಿದ್ದರೆ ಆಗ್ತಿತ್ತು.

ಎಲ್ಲಾ ಹಾಗೇ ಅಂತಲೂ ಅಲ್ಲ. ನಮ್ಮಿಂದ ಗಡಿ ದಾಟಿದರೆ ಸಿಗೋ ಮುದುಮಲೆಯ ತೆಪ್ಪಕಾಡಿನಲ್ಲಿ ಬೊಮ್ಮನ್, ಬೆಳ್ಳಿ ದಂಪತಿಗಳ ಮೇಲೆ ಕಾರ್ತಿಕಿ ಗೊನ್ಸಾಲ್ವಿಸ್ ಮಾಡಿದ ಸಾಕ್ಷ್ಯಚಿತ್ರಕ್ಕೆ 2023ರಲ್ಲಿ ಆಸ್ಕರ್ ಬಂತಲ್ಲ, ಅಲ್ಲಿ ಆನೆ ಸಾಕಿದವರ ಹೆಸರು ಜಗತ್ತಿಗೆಲ್ಲ ಗೊತ್ತಾಯ್ತು. ಆ ಸಿನಿಮಾದ ಬಗ್ಗೆಯೂ ಜಗಳ ಆಡೋದಿದ್ದರೆ ಆಡಬಹುದು. ಆದರೆ ಜಗಳ ಆಡೋಕೆ ಅಲ್ಲಿ ಹೆಸರುಗಳಿವೆ. ‘ಎಲಿಫೆಂಟ್ ಬಾಯ್’ ಮಾವುತನ ಪರವಾಗಿ ಜಗಳ ಆಡೋಕೆ ಹೆಸರೇ ಇಲ್ಲ.

ಇನ್ನು ಕೊನೆಯ ಮಾತು, ನಮ್ಮ ನಮ್ಮಲ್ಲೇ. ನಾವು ಬ್ಲಾಗಿಗರು ಬಹಳ ಹೆಮ್ಮೆಯಿಂದ ಹೇಳಿಕೊಳ್ತೀವಿ, ಪತ್ರಿಕೆಯವರು ಬರೆಯದ್ದನ್ನು ನಾವು ಬರೀತೀವಿ ಅಂತ. ಆದರೆ ಖೆಡ್ಡಾ ಬಗ್ಗೆ ನಮ್ಮ ಬರಹಗಳನ್ನು ತೆಗೆದು ನೋಡಿ. ಸ್ಯಾಂಡರ್ಸನ್, ಮಹಾರಾಜರು, ವೈಸರಾಯ್, ಫ್ಲಾಹರ್ಟಿ. ನಾನು ಬರೆದ ಈ ಬರಹದಲ್ಲೂ ನೋಡಿ, ಹೆಸರಿರೋರೆಲ್ಲ ಗ್ಯಾಲರಿಯಲ್ಲಿ ಕೂತವರೇ. ಬೇಲಿಯೊಳಗಿದ್ದ ಒಬ್ಬನ ಹೆಸರೂ ನನಗೆ ಬರೆಯೋಕಾಗಲಿಲ್ಲ. ಆ ತಾತನ ಹೆಸರನ್ನೂ ಆ ದಿನ ನಾನು ಕೇಳಲಿಲ್ಲ! ‘ತಾತ, ತಾತ’ ಅಂತ ಮಾತಾಡಿಸಿ, ಕಾಫಿ ಕುಡಿದು, ಬಂದುಬಿಟ್ಟೆ. ಫ್ಲಾಹರ್ಟಿಗೆ ಇಷ್ಟೆಲ್ಲ ಬೈದವನು ಮಾಡಿದ್ದೂ ಅದನ್ನೇ. ಆರು ತಿಂಗಳು ಬಿಟ್ಟು ಮತ್ತೆ ಹೋದಾಗ ತಾತ ಊರಿಗೆ ವಾಪಸ್ಸು ಹೋಗಿದ್ದ. ಮಗಳೂ ಕೂಲಿಗೆ ಕೊಡಗಿನ ಕಡೆ ಹೋಗಿದ್ದಳು.

1971ರಲ್ಲಿ ಡಬ್ಬ ಬಡಿದ ಹುಡುಗರಿಗೆ ಈಗ ಎಪ್ಪತ್ತು ದಾಟಿದೆ. ಕಾಕನಕೋಟೆ ಕಡೆಯ ಹಾಡಿಗಳಲ್ಲಿ, ಕಬಿನಿಯ ಆಚೀಚೆ ಇನ್ನೂ ಕೆಲವರು ಇದ್ದಾರೆ. ಅವರಪ್ಪಂದಿರು 1935ರಲ್ಲಿ ಆ ಕ್ಯಾಮೆರಾದ ಮುಂದೆ ಕುಮ್ಕಿ ಹತ್ತಿದವರಾಗಿರಬಹುದು. ಇನ್ನು ಹತ್ತು ವರ್ಷ ಬಿಟ್ಟರೆ ಕೇಳೋಕೆ ಯಾರೂ ಇರಲ್ಲ. ಹೆಗ್ಗಡದೇವನಕೋಟೆ, ಹುಣಸೂರು, ಗುಂಡ್ಲುಪೇಟೆ ಕಡೆ ಇರೋ ಬ್ಲಾಗಿಗರು ಒಂದು ಭಾನುವಾರ ಬಿಡುವು ಮಾಡಿಕೊಂಡರೆ ಸಾಕು. ಒಪ್ಪಿಗೆ ಕೇಳಿ, ಹೆಸರು ಕೇಳಿ, ಅಪ್ಪನ ಹೆಸರು ಕೇಳಿ, ಯಾವ ಆನೆಯ ಮೇಲೆ ಕೂತಿದ್ದರು ಕೇಳಿ, ಎಷ್ಟು ಕೂಲಿ ಸಿಕ್ಕಿತು ಕೇಳಿ. ಅಷ್ಟನ್ನೇ ಬರೆಯಿರಿ. ‘ನೈಜ ಬದುಕು’ ಗೀಜ ಬದುಕು ಏನೂ ಬೇಡ.

ಆ ತಾತ ಕೇಳಿದ ಪ್ರಶ್ನೆಗೆ ಉತ್ತರ ನಿಮ್ಮಲ್ಲಿ ಯಾರಿಗಾದರೂ ಸಿಕ್ಕರೆ ಕೆಳಗೆ ಬರೆಯಿರಿ. ನನ್ನನ್ನು ಬೈಯೋದಿದ್ದರೆ ಅದನ್ನೂ ಬರೆಯಿರಿ, ಅಳಿಸೋದಿಲ್ಲ :-) ಮುಂದಿನ ತಿಂಗಳು ನಾನು ಕಾಕನಕೋಟೆ ಕಡೆ ಹೊರಟಿದ್ದೀನಿ. ಜೊತೆಗೆ ಬರೋರು ತಿಳಿಸಿ. ಈ ಸಲ ಪುಸ್ತಕ, ಪೆನ್ನು ತಗೊಂಡು ಹೋಗ್ತೀನಿ. ಲ್ಯಾಪ್‌ಟಾಪು ಮನೆಯಲ್ಲೇ ಇರುತ್ತೆ.